ಕನಕಮ್ಮನ ಪಿತ್ತನಾಳಕ್ಕೆ ಊರು ಕೊಟ್ಟ ತೀರ್ಪು

ಕನಕಮ್ಮ ನನ್ನ ಅಣ್ಣ ಕುಬೇರಪ್ಪನ ಹೆಂಡತಿ. ಗಂಡ ಕುಬೇರ, ಹೆಂಡತಿ ಕನಕ, ಮನೆಯಲ್ಲಿ ನಾಲ್ಕು ಕುರಿ, ಒಂದಿಷ್ಟು ಕೆಂಪು ಮಸಾರಿ ಹೊಲ ಮತ್ತು ಮಳೆ ಬಂದರೆ ಸೋರುವ ತಗಡು. ಹೆಸರಿಟ್ಟ ಹಿರಿಯರಿಗೆ ತಮಾಷೆ ಮಾಡುವ ಹುಕಿ ಜಾಸ್ತಿ ಇದ್ದಿರಬೇಕು. ನಾನು ಸುರೇಖಾ. ಇದೇ ಊರಿಗೆ ಕೊಟ್ಟ ಮಗಳು, ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಅಲ್ಲಿಗೆ ಜನ ಬರುವುದು ಫ್ಯಾನಿನ ಗಾಳಿಗೆ. ಮೈ ತಣ್ಣಗಾದ ಮೇಲೆ ಪುಣ್ಯಕ್ಕೆ ಪೇಪರ್ ತಿರುವುತ್ತಾರೆ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ ಒಳಗಿರುವ ಊರು ಇದು. ಹೆಸರು ಬರೆಯುವುದಿಲ್ಲ. ಬರೆದರೆ ನಾನು ಇಲ್ಲೇ ಇರಬೇಕಲ್ಲ, ನಳದ ಮುಂದೆ ಇವರ ಜೊತೆಯೇ ಪಾಳಿ ಹಚ್ಚಬೇಕಲ್ಲ.

ಕನಕಮ್ಮ ಹುಟ್ಟಿದ್ದು ಆನೆಗೊಂದಿಯಲ್ಲಿ. ಹೊಳೆ, ಬತ್ತ, ಬಾಳೆತೋಟ ನೋಡಿ ಬೆಳೆದವಳನ್ನು ತಂದು ನಮ್ಮ ಒಣ ಊರಿಗೆ ಕೊಟ್ಟರು. ಬಂದ ಹೊಸದರಲ್ಲಿ ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಆ ಸುದ್ದಿಯನ್ನು ನಮ್ಮವ್ವ ಓಣಿ ಓಣಿಗೆ ಹಂಚಿ ಬಂದಳು. ಮುಂದೆ ಅವಳ ರೊಟ್ಟಿ ನಮ್ಮವ್ವನದಕ್ಕಿಂತ ತೆಳ್ಳಗೆ ಬರತೊಡಗಿತು. ಆ ಸುದ್ದಿ ಮಾತ್ರ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

ಊರಿಗೆ ಕನಕಮ್ಮ ಗೊತ್ತಿದ್ದದ್ದು ರೊಟ್ಟಿಯಿಂದಲ್ಲ, ದ್ಯಾವಪ್ಪನ ಅಂಗಡಿ ಬಂದ್ ಮಾಡಿಸಿದ್ದಕ್ಕೆ. ದ್ಯಾವಪ್ಪನದು ಕಿರಾಣಿ ಅಂಗಡಿ. ಮುಂದೆ ಬೇಳೆ, ಬೆಲ್ಲ, ಊದಿನಕಡ್ಡಿ. ಹಿಂದೆ ವಿಸ್ಕಿಯ ಪಾಕೀಟು. ನಮ್ಮಣ್ಣ ಹಿಂದಿನ ಗಿರಾಕಿ. ಒಂದು ದಿನ ಕನಕಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಕೂಡಿಸಿಕೊಂಡು, ಕೈಯಲ್ಲಿ ಕಸಬರಿಗೆ ಹಿಡಿದು ಆ ಅಂಗಡಿಯ ಕಟ್ಟೆ ಮೇಲೆ ಕೂತಳು. ಅಬಕಾರಿ ಜೀಪು ಬರುವ ತನಕ ಎದ್ದೇಳಲಿಲ್ಲ. "ನನ್ನ ಮೈಯಾಗ ಜೀವ ಇರೂತನಕ ಈ ಊರಾಗ ಒಂದ ಹನಿ ಮಾರಗೊಡೂದಿಲ್ಲ" ಎಂದಳು. ಪೇಪರಿನಲ್ಲಿ ಅವಳ ಫೋಟೋ ಬಂತು, ಅರ್ಧ ಮುಖ ಮಾತ್ರ. ಆಮೇಲೆ ಬೇಳೆ ಬೆಲ್ಲ ಅಂಗಡಿಯಲ್ಲೇ ಉಳಿದವು, ದ್ಯಾವಪ್ಪನ ಪಾಕೀಟಿನ ವ್ಯಾಪಾರ ಮಾತ್ರ ಅಂಗಡಿಯ ಹಿಂದಿನಿಂದ ಅವನ ದನದ ಕೊಟ್ಟಿಗೆಗೆ ಹೋಯಿತು. ನಮ್ಮಣ್ಣ ಮೊದಲಿಗಿಂತ ಸ್ವಲ್ಪ ಹೆಚ್ಚು ನಡೆಯಬೇಕಾಯಿತು, ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಆ ಅಂಗಡಿ ಬಂದ್ ಮಾಡಿಸಿದವಳು ಎನ್ನುವ ಹೆಸರನ್ನು ಕನಕಮ್ಮ ಮೂಗಿನ ನತ್ತಿಗಿಂತ ಜೋಪಾನ ಮಾಡಿದಳು. ಬೇರೆ ಆಸ್ತಿ ಯಾವುದಿತ್ತು ಅವಳಿಗೆ?

ನಲವತ್ತು ದಾಟಿದ ಮೇಲೆ ಅವಳಿಗೆ ತುರಿಕೆ ಶುರುವಾಯಿತು. ಮೊದಲು ಅಂಗೈ. ಅಂಗೈ ತುರಿಸಿದರೆ ದುಡ್ಡು ಬರುತ್ತದೆ ಎಂದು ಓಣಿಯವರೆಲ್ಲ ಸಂಭ್ರಮಪಟ್ಟರು. ಆಮೇಲೆ ಅಂಗಾಲು. ಅಂಗಾಲು ತುರಿಸಿದರೆ ದೂರದ ಪ್ರಯಾಣ ಎಂದರು. ಕೊನೆಗೆ ಬೆನ್ನು, ತೋಳು, ಮೊಣಕಾಲು ಎಲ್ಲ ತುರಿಸತೊಡಗಿತು. ಅದಕ್ಕೆ ಯಾವ ಶಕುನವೂ ಸಿಗದೆ ಜನ ಕೈಬಿಟ್ಟರು. ತುರಿಸಿ ತುರಿಸಿ ಬೆನ್ನ ಮೇಲೆ ಗೆರೆ ಎದ್ದಿದ್ದವು. ಗುಳ್ಳೆ ಇಲ್ಲ, ಕಜ್ಜಿ ಇಲ್ಲ, ಚರ್ಮ ನೋಡಿದರೆ ಏನೂ ಆಗಿಲ್ಲ. ಏನೂ ಆಗಿಲ್ಲದಿದ್ದರೂ ಬಾಗಿಲಿನ ಚೌಕಟ್ಟಿಗೆ ಬೆನ್ನು ತಿಕ್ಕಿ ನಿಲ್ಲುತ್ತಿದ್ದಳು, ಎಮ್ಮೆ ಗೂಟಕ್ಕೆ ನಿಂತಂತೆ.

ನಮ್ಮ ಊರಿನಲ್ಲಿ ಡಾಕ್ಟರ್ ಇಲ್ಲ ಎನ್ನುವುದು ಶುದ್ಧ ಸುಳ್ಳು. ಊರಿನ ಪ್ರತಿಯೊಬ್ಬನೂ ಡಾಕ್ಟರೇ. ಬದನೆಕಾಯಿ ನಂಜು ಎಂದು ಒಬ್ಬರು ಎಣ್ಣೆಗಾಯಿ ಬಿಡಿಸಿದರು. ಬೇವಿನ ಎಲೆ ಕುದಿಸಿ ಸ್ನಾನ ಮಾಡಿಸಿದವರು ಒಬ್ಬರು. ಕುಷ್ಟಗಿಯಲ್ಲಿ ಒಬ್ಬರು ಮುಲಾಮು ಕೊಟ್ಟು, ಮನೆಮಂದಿಯೆಲ್ಲ ಹಚ್ಚಿಕೊಳ್ಳಬೇಕು ಎಂದರು. ನಮ್ಮಣ್ಣನೂ ಮೈತುಂಬ ಹಚ್ಚಿಕೊಂಡು ದೀಪದ ಎಣ್ಣೆ ಹಾಕಿದ ವಿಗ್ರಹದ ಹಾಗೆ ಕಟ್ಟೆ ಮೇಲೆ ಕೂತಿದ್ದ. ತುರಿಕೆ ಒಂದು ಚೂರೂ ಕಡಿಮೆಯಾಗಲಿಲ್ಲ, ಅವನ ಅಂಗಿ ಮಾತ್ರ ಹಾಳಾಯಿತು.

ತುರಿಕೆಯ ಜೊತೆ ದಣಿವು. ಕಳೆ ತೆಗೆಯಲು ಹೋದವಳು ಸಾಲಿನ ನಡುವೆ ಕೂತುಬಿಡುತ್ತಿದ್ದಳು. "ಕೈಕಾಲಾಗ ಶಕ್ತಿನ ಇಲ್ಲ ಸುರೇಖಾ, ಯಾರೋ ಬೂಚು ತಗದು ಬಿಟ್ಟಾಂಗ ಆಗೇತಿ" ಎಂದಳು. ನಮ್ಮವ್ವ ಅದಕ್ಕೂ ರೋಗ ಕಂಡುಹಿಡಿದಳು: "ಪೇಪರಿನಾಗ ಫೋಟೋ ಬಂತಲ್ಲ, ಇನ್ನೆಲ್ಲಿ ಕೆಲಸ?"

ಕೊನೆಗೆ ನಾನೇ ಹಟ ಹಿಡಿದು ಕೊಪ್ಪಳದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರ್ ಮೆಹಜಬೀನ ಎಂಬವರು ಇದ್ದರು, ನಮ್ಮ ಕಡೆಯವರೇ. ರಕ್ತ ಪರೀಕ್ಷೆ ನೋಡಿ, ಲಿವರ್‌ನದು ಒಂದು ಅಂಶ ತುಂಬಾ ಏರಿದೆ ಎಂದರು. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವಳಿಗೂ ಕೇಳಿದರು.

"ಕುಡಿಯೂ ಚಟ ಏನಾರ ಐತೇನಮ್ಮ?"

ಕನಕಮ್ಮ ಎದ್ದು ನಿಂತೇಬಿಟ್ಟಳು. "ನಾನಾ? ನನಗ ಕೇಳ್ತೀರಿ? ಅಂಗಡಿ ಬಂದ್ ಮಾಡಿಸ್ದಾಕಿ ನಾನು!"

"ಕೇಳೂದು ನಮ್ಮ ಕೆಲಸ, ಸಿಟ್ಟಾಗಬ್ಯಾಡ್ರಿ. ಕೂಡ್ರಿ" ಎಂದು ಅವರು ನಕ್ಕರು.

ಅವರು ನಕ್ಕರು, ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಾಗಿಲಿನ ಹೊರಗೆ ಪಾಳಿಯಲ್ಲಿ ನಮ್ಮ ಊರಿನ ಯಂಕೇಶ ಕೂತಿದ್ದ. ಮೊಣಕಾಲು ತೋರಿಸಲು ಬಂದವನು. ಅವನ ಮೊಣಕಾಲು ಹೇಗಿತ್ತೋ, ಕಿವಿ ಮಾತ್ರ ಗಟ್ಟಿ ಇದ್ದವು. ನಾವು ಮತ್ತೊಮ್ಮೆ ರಕ್ತ ಕೊಟ್ಟು, ಸ್ಕ್ಯಾನಿಂಗ್ ಮಾಡಿಸಿ ಸಂಜೆ ಊರಿಗೆ ಬರುವಷ್ಟರಲ್ಲಿ ಅವನು ಮಧ್ಯಾಹ್ನದ ಬಸ್ಸಿಗೇ ಬಂದು ಸುದ್ದಿ ಮುಟ್ಟಿಸಿದ್ದ. ಕನಕಮ್ಮನ ಲಿವರ್ ಕೆಟ್ಟಿದೆ, ಕುಡಿತ ಎಷ್ಟು ವರ್ಷದ್ದು ಎಂದು ಡಾಕ್ಟರ್ ಕೇಳಿದರು, ಇವಳು ಎದ್ದು ಕೂಗಾಡಿದಳು ಎಂದು. ಪ್ರಶ್ನೆ ಹುಟ್ಟಿದ್ದು ಕೊಪ್ಪಳದಲ್ಲಿ, ಉತ್ತರ ಹುಟ್ಟಿದ್ದು ಬಸ್ಸಿನಲ್ಲಿ.

ಇನ್ನೊಂದು ರಕ್ತ ಪರೀಕ್ಷೆ ಹೊರಗೆ ಕಳಿಸಬೇಕಿತ್ತು. ಅದರ ಫಲಿತಾಂಶ ಬಂದ ಮೇಲೆ ಮತ್ತೆ ಹೋದೆವು. ಈ ಸಲ ಅಣ್ಣನನ್ನೂ ಎಳೆದುಕೊಂಡು ಹೋಗಿದ್ದೆ. ರೋಗದ ಹೆಸರು ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಎಂದು ಡಾಕ್ಟರ್ ಹೇಳಿದರು. ಅಣ್ಣ ಅದನ್ನು ಒಂದು ಸಲ ಬಾಯಲ್ಲಿ ತಿರುವಿ ನೋಡಿ ಬಿಟ್ಟುಕೊಟ್ಟ.

"ನೋಡ್ರಿ, ಲಿವರಿನಾಗ ಪಿತ್ತ ತಯಾರಾಕ್ಕೈತಿ. ಉಂಡದ್ದು ಕರಗಸಾಕ ಅದು ಬೇಕು. ಲಿವರಿನಿಂದ ಹೊರಗ ಹೋಗಾಕ ಅದಕ್ಕ ಸಣ್ಣ ಸಣ್ಣ ನಾಳ ಇರ್ತಾವ, ಗಂಗಾವತಿ ಕಡೆ ಹೊಲಕ್ಕ ನೀರು ಹೋಗೂ ಸಣ್ಣ ಕಾಲುವಿ ಇದ್ದಾಂಗ" ಎಂದರು ಡಾಕ್ಟರ್.

"ನಮ್ಮ ತವರ ಕಡೆ ಅದಾವ್ರಿ" ಎಂದಳು ಕನಕಮ್ಮ.

"ಹಾಂ, ಅವ. ಹೊರಗಿನ ರೋಗ ಬಂದ್ರ ಹೊಡದು ಓಡಸಾಕ ಮೈಯಾಗ ಒಂದು ಕಾವಲು ಇರ್ತೈತಿ. ನಿಮ್ಮ ಮೈಯಾಗ ಆ ಕಾವಲು ದಾರಿ ತಪ್ಪೇತಿ. ನಿಮ್ಮದ ಕಾಲುವೀನ ವೈರಿ ಅಂತ ತಿಳಕೊಂಡು ಕೆಡವಾಕತ್ತೇತಿ. ಹಿಂಗಾಗಿ ಪಿತ್ತ ಹೊರಗ ಹರಿಯೂದಿಲ್ಲ, ಒಳಗ ನಿಂದರ್ತೈತಿ. ತುರಿಕಿ, ದಣಿವು, ಕಣ್ಣು ಒಣಗೂದು ಎಲ್ಲಾ ಇದರ ಜೋಡಿ ಬರೂದು. ಹಿಂಗ ಬಿಟ್ರ ಲಿವರ್ ಗಟ್ಟಿಯಾಗಿ ಕೆಲಸ ಬಿಡ್ತೈತಿ."

"ಯಾಕ ಬಂತ್ರಿ ಇದು?" ಎಂದೆ ನಾನು.

"ಖರೇ ಹೇಳಬೇಕಂದ್ರ ಪೂರ್ತಿ ಯಾರಿಗೂ ಗೊತ್ತಿಲ್ಲ. ಹೆಣ್ಣಮಕ್ಕಳಿಗೆ ಜಾಸ್ತಿ, ಅದೂ ಈ ವಯಸ್ಸಿನಾಗ. ಕುಡಿತಕ್ಕ ಬರೂದಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತೂದೂ ಇಲ್ಲ."

ಅವರು ಗುಳಿಗೆ ಬರೆದುಕೊಟ್ಟರು. ಇದು ರೋಗವನ್ನು ಬೇರುಸಹಿತ ತೆಗೆಯುವುದಿಲ್ಲ, ಆದರೆ ತಡೆದು ಹಿಡಿಯುತ್ತದೆ, ಬಿಡದೆ ತೆಗೆದುಕೊಂಡರೆ ಮೊಮ್ಮಕ್ಕಳನ್ನು ಆಡಿಸಬಹುದು, ಬಿಟ್ಟರೆ ತಾವು ಜವಾಬ್ದಾರರಲ್ಲ ಎಂದು ಕನಕಮ್ಮನ ಕೈ ಹಿಡಿದು ಹೇಳಿದರು. ತುರಿಕೆಗೆ ಬೇರೆ ಒಂದು ಪುಡಿ. ಎಷ್ಟು ದಿನ ಎಂದು ಅಣ್ಣ ಕೇಳಿದ. "ಜೀವ ಇರೂತನಕ" ಎಂದರು. ನಾನು ಅಂದುಕೊಂಡೆ, ಸರಿ, ಕಾಯಿಲೆ ಗೊತ್ತಾಯಿತು, ಗುಳಿಗೆ ಸಿಕ್ಕಿತು, ಇನ್ನೇನು? ಕಾಯಿಲೆಗೆ ಗುಳಿಗೆ ಇತ್ತು. ಊರಿಗೆ ಇರಲಿಲ್ಲ.

ಊರಿನಲ್ಲಿ ಲಿವರ್ ಎಂದರೆ ಒಂದೇ ಅರ್ಥ. ಹಿಂದಿನ ವರ್ಷ ಸತ್ತ ಕೆಳಗಿನ ಓಣಿಯವನ ಲಿವರ್, ಅದಕ್ಕೂ ಹಿಂದೆ ಸತ್ತ ಅವನ ಅಣ್ಣನ ಲಿವರ್. ಅದು ಗಂಡಸರ ಮೈಯಲ್ಲಿ ಮಾತ್ರ ಇರುವ ಅಂಗ, ಅದೂ ಕುಡಿಯುವವರ ಮೈಯಲ್ಲಿ ಎಂದೇ ಜನ ತಿಳಿದಿದ್ದರು. ಈಗ ಒಬ್ಬ ಹೆಂಗಸಿಗೆ ಲಿವರ್ ಇರುವುದೇ ಒಂದು ಹಗರಣವಾಯಿತು. ದ್ಯಾವಪ್ಪನಿಗಂತೂ ಹಬ್ಬ. "ಅಂಗಡಿ ಯಾಕ ಬಂದ್ ಮಾಡಿಸಿದ್ಲು ಅಂತೀರಿ? ಮಾಲೆಲ್ಲಾ ತನಗ ಉಳೀಲಿ ಅಂತ" ಎಂದು ಬೆಲ್ಲ ತೂಗುತ್ತ ತೂಗುತ್ತ ಹೇಳುತ್ತಿದ್ದ. ಬೆಲ್ಲಕ್ಕೆ ಬಂದವರು ಸುದ್ದಿಯನ್ನು ಪುಕ್ಕಟೆ ಕಟ್ಟಿಸಿಕೊಂಡು ಹೋದರು.

ಕನಕಮ್ಮ ನಳಕ್ಕೆ ಹೋದರೆ ಮಾತು ನಿಲ್ಲುತ್ತಿತ್ತು. ಕಸಬರಿಗೆ ಹಿಡಿದು ಅವಳ ಬೆನ್ನಿಗೆ ಕೂತಿದ್ದ ಹೆಂಗಸರೇ ಈಗ ಅವಳ ಬಾಯಿಯ ಹತ್ತಿರ ಮೂಗು ತಂದು ಮಾತಾಡಿಸುತ್ತಿದ್ದರು. ಒಬ್ಬಳಂತೂ ನೇರವಾಗಿ, "ಖರೇ ಹೇಳ ಕನಕಕ್ಕ, ನಾವ ನಾವ ಅದೀವಿ, ಯಾವ ಬ್ರಾಂಡು?" ಎಂದಳಂತೆ.

ಅದಾದ ಕೆಲವು ದಿನಕ್ಕೆ ನಾನು ಅವಳ ಮನೆಗೆ ಹೋದಾಗ ಗುಳಿಗೆಯ ಪಟ್ಟಿಗಳು ಒಡೆಯದೆ ಹಾಗೇ ಇದ್ದವು.

"ಯಾಕ ಅತ್ತಿಗಿ, ನುಂಗಾಕತ್ತಿಲ್ಲೇನು?"

"ನುಂಗೂದಿಲ್ಲ."

"ತಲಿ ಕೆಟ್ಟೈತೇನ ನಿನಗ?"

"ಲಿವರಿನ ಗುಳಿಗಿ ನುಂಗಿದ್ರ ಕುಡದದ್ದು ಒಪ್ಪಿಕೊಂಡಾಂಗ ಆಕ್ಕೈತಿ. ಅವರು ಅದನ್ನ ಕಾಯಾಕತ್ತಾರ. ನಾ ಸತ್ರೂ ಅಡ್ಡಿಯಿಲ್ಲ, ಆ ದ್ಯಾವಪ್ಪನ ಬಾಯಿಗೆ ಸಕ್ರಿ ಹಾಕೂದಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹುಚ್ಚಿ, ಮೂರ್ಖಿ, ಬಾಯಿಗೆ ಬಂದದ್ದೆಲ್ಲ ಬೈದೆ. ಅವಳು ಸುಮ್ಮನೆ ತೋಳು ಕೆರೆದುಕೊಳ್ಳುತ್ತ ಕೂತಿದ್ದಳು. ಅವಳ ಮಗಳು ಶ್ವೇತಾ ಗಂಡನ ಮನೆಯಿಂದ ಫೋನ್ ಮಾಡಿ ಅತ್ತಳು. ಅದಕ್ಕೂ ಜಗ್ಗಲಿಲ್ಲ. ಅವಳ ಒಳಗಿನ ಕಾವಲು ಯಾಕೆ ದಾರಿ ತಪ್ಪಿತು ಎಂದು ಡಾಕ್ಟರಿಗೆ ಗೊತ್ತಿಲ್ಲದಿರಬಹುದು, ನನಗೆ ಆಗ ಗೊತ್ತಾಯಿತು. ಈ ಹೆಂಗಸಿನ ಸಹವಾಸದಲ್ಲಿ ಇದ್ದ ಯಾವ ಕಾವಲೂ ತನ್ನ ಮೇಲೆ ತಾನೇ ಕೈ ಮಾಡಿಕೊಳ್ಳದೆ ಇನ್ನೇನು ಕಲಿಯುತ್ತದೆ?

ಗುಳಿಗೆ ಬಿಟ್ಟವಳು ಮತ್ತೊಂದು ದಾರಿ ಹಿಡಿದಳು. ನಮ್ಮಲ್ಲಿ ದೊಡ್ಡ ಮಾತು ಬಂದಾಗ ಬೀರಪ್ಪನ ಗುಡಿಯಲ್ಲಿ ಭಂಡಾರ ಮುಟ್ಟಿ ಆಣೆ ಮಾಡುವುದಿದೆ. ಭಂಡಾರ ಎಂದರೆ ದೇವರ ಅರಿಶಿನ. ಅದನ್ನು ಮುಷ್ಟಿಯಲ್ಲಿ ಹಿಡಿದು ಸುಳ್ಳು ಹೇಳಿದವನನ್ನು ಬೀರಪ್ಪ ಬಿಡುವುದಿಲ್ಲ ಎಂದು ಊರು ನಂಬುತ್ತದೆ. ಹಾಗಾಗಿಯೇ ದ್ಯಾವಪ್ಪ ಆ ಕಡೆ ಹೋಗುವುದು ಕಡಿಮೆ. ಒಂದು ಸೋಮವಾರ ಕನಕಮ್ಮ ತಲೆಗೆ ನೀರು ಹಾಕಿಕೊಂಡು, ಊರಿನ ಜನರನ್ನೆಲ್ಲ ಕರೆದು, ಗುಡಿಯ ಮುಂದೆ ನಿಂತಳು. ಭಂಡಾರವನ್ನು ಮುಷ್ಟಿಯಲ್ಲಿ ಹಿಡಿದಳು.

"ನಾ ಹುಟ್ಟಿದಾಗಿಂದ ಒಂದ ಹನಿ ಬಾಯಾಗ ಹಾಕಿದ್ರ, ಬೀರಪ್ಪ, ನನ್ನ ಮೈ ಮ್ಯಾಲ ನಿನ್ನ ಗುರುತು ಕಾಣಿಸು!"

ಜನ ತಲೆದೂಗಿದರು. ಕೆಲವರು ಹೌದು ಹೌದು ಎಂದರು. ಕೆಲವರು ನೋಡೋಣ ಎಂದರು. ಅವಳು ಮಾತ್ರ ಗೆದ್ದವಳ ಹಾಗೆ ಮನೆಗೆ ಬಂದು, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಆದರೆ ಗುಳಿಗೆಯೂ ಇಲ್ಲ, ಪುಡಿಯೂ ಇಲ್ಲ. ತುರಿಕೆ ಮೊದಲಿಗಿಂತ ಜೋರಾಯಿತು. ಆಗ ಯಾರೋ ಬೇರು ಅರೆದು ಕೊಡುವ ಒಬ್ಬನ ವಿಳಾಸ ಕೊಟ್ಟರು. ಲಿವರಿನ ಔಷಧ ಅಲ್ಲ, ರಕ್ತ ಶುದ್ಧಿ ಮಾಡುವ ಔಷಧ ಎಂದರು. ರಕ್ತ ಶುದ್ಧಿಗೆ ಮಾನ ಹೋಗುವುದಿಲ್ಲ ನೋಡಿ! ನನಗೆ ಹೇಳದೆ ದಿನವೂ ಬೆಳಿಗ್ಗೆ ಒಂದು ಲೋಟ ಆ ಹಸಿರು ರಸ ಕುಡಿದಳು. ಅದರಲ್ಲಿ ಏನಿತ್ತೋ ಬೀರಪ್ಪನಿಗೇ ಗೊತ್ತು. ಕೆಲವೇ ವಾರದಲ್ಲಿ ಅವಳ ಕಣ್ಣು ಹಳದಿಯಾದವು. ಆಮೇಲೆ ಮುಖ, ಆಮೇಲೆ ಅಂಗೈ.

ಊರು ಉಸಿರು ಬಿಗಿ ಹಿಡಿಯಿತು. ಆಮೇಲೆ ಉಸಿರು ಬಿಟ್ಟಿತು, ಅದೂ ಜೋರಾಗಿ. ಕಾಮಣಿ, ಎಂದರೆ ಕಾಮಾಲೆ, ಎಲ್ಲರಿಗೂ ಗೊತ್ತಿರುವ ರೋಗ. ಯಾರಿಗಾದರೂ ಕಣ್ಣು ಹಳದಿಯಾದರೆ ಇದೇ ಜನ ಕಾಮಣಿ ಎನ್ನುತ್ತಾರೆ, ಪಥ್ಯ ಹೇಳುತ್ತಾರೆ. ಕನಕಮ್ಮನಿಗೆ ಆದದ್ದು ಮಾತ್ರ ಕಾಮಣಿ ಅಲ್ಲ, ಭಂಡಾರ! ಗುರುತು ಕಾಣಿಸು ಎಂದು ಬಾಯಿ ಬಿಟ್ಟು ಕೇಳಿದಳು, ಬೀರಪ್ಪ ತನ್ನ ಬಣ್ಣವನ್ನೇ ಬಳಿದ. ಇದಕ್ಕಿಂತ ಸಾಕ್ಷಿ ಬೇಕೇ? ದ್ಯಾವಪ್ಪ ಬಹಳ ವರ್ಷದ ಮೇಲೆ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದ. ಕೊಟ್ಟಿಗೆಯಲ್ಲಿದ್ದ ಪಾಕೀಟು ಮತ್ತೆ ಅಂಗಡಿಗೆ ಬಂದವು, ಬೇಳೆ ಡಬ್ಬಿಯ ಹಿಂದಲ್ಲ, ಪಕ್ಕದಲ್ಲೇ.

ಕನಕಮ್ಮ ಬಾಗಿಲು ಹಾಕಿಕೊಂಡಳು. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದಳು. ನಾನು ದವಾಖಾನೆಗೆ ನಡೆ ಎಂದರೆ ಗೋಡೆಗೆ ಮುಖ ಮಾಡಿ ಮಲಗಿದಳು. "ಬೀರಪ್ಪನೇ ನನ್ನ ನಂಬಲಿಲ್ಲ. ಇನ್ನ ಡಾಕ್ಟರ್ ಏನ್ ಮಾಡ್ತಾರ" ಎಂದಳು. ಅವಳಿಗೂ ಅನುಮಾನ ಬಂದುಬಿಟ್ಟಿತ್ತು. ಯಾವಾಗಲೋ ಕೆಮ್ಮಿಗೆಂದು ಯಾರೋ ಕೊಟ್ಟ ಔಷಧದಲ್ಲಿ ಒಂದು ಹನಿ ಸಾರಾಯಿ ಇತ್ತೇನೋ ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ಊರು ಸುಳ್ಳು ಹೇಳಲಿ, ಅದು ಅದರ ಕಸುಬು. ಅದನ್ನು ಇವಳು ನಂಬಿ ಸಾಯಬೇಕೇ?

ನಾನು ಓದಿದವಳಲ್ಲವೇ, ತಿಳಿಸಿ ಹೇಳಿದರೆ ಜನ ಕೇಳುತ್ತಾರೆ ಎಂದುಕೊಂಡೆ. ಗ್ರಂಥಾಲಯದ ಕರಿಹಲಗೆಯ ಮೇಲೆ ದೊಡ್ಡ ಲಿವರ್ ಬರೆದೆ, ಒಳಗೆ ಸಣ್ಣ ಸಣ್ಣ ನಾಳ ಬರೆದೆ. ಫ್ಯಾನಿಗೆ ಬಂದವರನ್ನೆಲ್ಲ ಕೂಡಿಸಿಕೊಂಡು ಡಾಕ್ಟರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಗಂಟಲು ಹರಿಯುವ ತನಕ ಹೇಳಿದೆ. ಎಲ್ಲರೂ ಬಹಳ ಗಮನದಿಂದ ಕೇಳಿದರು. ಕೊನೆಗೆ ಯಂಕೇಶ ಕೈ ಎತ್ತಿದ.

"ಎಲ್ಲಾ ತಿಳೀತಕ್ಕ, ಭಾಳ ಛಲೋ ಹೇಳಿದ್ರಿ. ಹಂಗಾದ್ರ ಆಕಿ ಕುಡಿಯೂದು ದಿನಾ ಎಷ್ಟು?"

ಹಲಗೆ ಒರೆಸುವ ಬಟ್ಟೆಯನ್ನು ಅವನ ಮೇಲೆ ಎಸೆದೆ. ತಪ್ಪಿಸಿಕೊಂಡ. ಮೊಣಕಾಲು ಅಷ್ಟರಲ್ಲಿ ವಾಸಿಯಾಗಿತ್ತು.

ಮರುದಿನ ಬೆಳಿಗ್ಗೆ ಬೀರಪ್ಪನ ಗುಡಿಯ ಡೊಳ್ಳು ಕೇಳಿಸಿತು. ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ಓಡಿ ಹೋಗಿ ನೋಡಿದರೆ ಡೊಳ್ಳು ಬಾರಿಸುತ್ತಿದ್ದವನು ನಮ್ಮಣ್ಣ. ಸ್ನಾನ ಮಾಡಿದ್ದ. ಬೆಳಿಗ್ಗೆಯೇ ಎಚ್ಚರ ಇದ್ದ. ಅವನು ಎರಡನ್ನೂ ಒಂದೇ ದಿನ ಮಾಡಿದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. ಜನ ಕೂಡಿದ ಮೇಲೆ ಡೊಳ್ಳು ಇಳಿಸಿ, ಭಂಡಾರದ ತಟ್ಟೆಗೆ ಎರಡೂ ಕೈ ಹಾಕಿದ.

"ಕುಡದಾಂವ ನಾನು" ಎಂದ. "ಇಷ್ಟು ವರ್ಷ ಕುಡದಾಂವ ನಾನು. ಅದು ಇಡೀ ಊರಿಗೆ ಗೊತ್ತೈತಿ, ದ್ಯಾವಪ್ಪಗ ಎಲ್ಲಾರಕಿಂತ ಜಾಸ್ತಿ ಗೊತ್ತೈತಿ. ನಾ ಕುಡದದ್ದು ಆಕಿ ಮೈಗೆ ಬಂದೈತಿ. ಗುರುತು ನನ್ನ ಮ್ಯಾಲ ಕಾಣಿಸಬೇಕಿತ್ತು, ಆಕಿ ನನಗ ಅಡ್ಡ ನಿಂತ್ಲು. ಇವತ್ತ ಈ ಭಂಡಾರ ಮುಟ್ಟಿ ಹೇಳ್ತೀನಿ, ಇನ್ನ ಮ್ಯಾಲ ಕುಡಿಯೂದಿಲ್ಲ. ಯಾವನರ ಆಕೀನ ಕುಡುಕಿ ಅಂದ್ರ ಆಂವ ಬೀರಪ್ಪಗ ಸುಳ್ಳ ಅಂದಾಂಗ!"

ಪೂಜಾರಿ ಮೊದಲು ತಲೆದೂಗಿದ. ಗಂಡನ ಪಾಪದಲ್ಲಿ ಹೆಂಡತಿಗೆ ಪಾಲಿದೆಯಲ್ಲ, ಬೀರಪ್ಪ ಪಾಲನ್ನು ತೆಗೆದುಕೊಟ್ಟಿದ್ದಾನೆ ಎಂದು ಅವನು ಬಿಡಿಸಿ ಹೇಳಿದ. ಅಯ್ಯೋ, ಎಂಥ ಮಾತು! ಊರಿಗೆಲ್ಲ ಅದು ಹಾಲು ಕುಡಿದಷ್ಟು ಸಲೀಸಾಗಿ ಒಳಗೆ ಹೋಯಿತು. ಡಾಕ್ಟರ್ ಹೇಳಿದ್ದು, ನಾನು ಬರೆದದ್ದು, ಪಿತ್ತ, ನಾಳ, ಕಾವಲು ಯಾವುದನ್ನೂ ನಂಬದ ಜನ, ಒಬ್ಬ ಕುಡಿದರೆ ಇನ್ನೊಬ್ಬಳ ಲಿವರ್ ಕೆಡುತ್ತದೆ ಎನ್ನುವುದನ್ನು ನಿಂತ ಕಾಲ ಮೇಲೆ ನಂಬಿದರು. ಮಧ್ಯಾಹ್ನದ ಹೊತ್ತಿಗೆ ಕನಕಮ್ಮ ಕುಡುಕಿ ಹೋಗಿ ಮಹಾಸತಿ ಆಗಿದ್ದಳು.

ಹೆಂಗಸರಿಗಂತೂ ಹೊಸ ಆಯುಧ ಸಿಕ್ಕಿತು. ಮನೆ ಮನೆಯಲ್ಲಿ ಕಣ್ಣಿನ ರೆಪ್ಪೆ ಎಳೆದು ಗಂಡನ ಮುಂದೆ ಹಿಡಿಯುವುದು, "ನೋಡು, ಹಳದಿ ಆಗಾಕತ್ತೇತಿ, ನಿನ್ನ ಪಾಕೀಟಿಂದ!" ಎಂದು ಕಿರುಚುವುದು. ದ್ಯಾವಪ್ಪನ ಹೆಂಡತಿ ಎಲ್ಲರಿಗಿಂತ ಜೋರಾಗಿ ಕಿರುಚಿದಳು. ಅವಳ ಗಂಡ ಊರಿಗೆಲ್ಲ ಕುಡಿಸಿದವನು, ಅವಳ ಪಾಲಿನ ಲೆಕ್ಕ ಅವಳಿಗೆ ಭಯ ಹುಟ್ಟಿಸಿತು. ಪಾಕೀಟು ಬೇಳೆಯ ಪಕ್ಕದಿಂದ ಮತ್ತೆ ಎಲ್ಲಿಗೋ ಹೋದವು, ಈ ಸಲ ನಮ್ಮೂರಿನ ಹೊರಗೇ.

ಅಣ್ಣ ಮನೆಗೆ ಬಂದು ಹೆಂಡತಿಯ ಹಾಸಿಗೆಯ ಮುಂದೆ ನಿಂತ. ಕೈಯಲ್ಲಿ ಇನ್ನೂ ಭಂಡಾರ ಇತ್ತು.

"ಏಳು. ತಪ್ಪು ನಂದು ಅಂತ ಊರ ಒಪ್ಪೇತಿ. ನೀ ಈಗ ಗುಳಿಗಿ ನುಂಗಿದ್ರ ಯಾರೂ ಏನೂ ಅನ್ನೂದಿಲ್ಲ. ನಡಿ ದವಾಖಾನಿಗೆ."

ಅವಳು ಗೋಡೆಯ ಕಡೆಯಿಂದ ಇತ್ತ ಹೊರಳಿದಳು. ಆಮೇಲೆ ಎದ್ದು ಸೀರೆ ಸರಿ ಮಾಡಿಕೊಂಡಳು. ನಾನು ನಮ್ಮೂರಿನ ಶಫೀಸಾಬನ ಟಂಟಂ ಆಟೋ ಕರೆಸಿದೆ. ಕೊಪ್ಪಳದ ತನಕ ಅವನು ಕುಣಿಗಳನ್ನು ತಪ್ಪಿಸಿ ತಪ್ಪಿಸಿ ಓಡಿಸಿದ. ನಮ್ಮ ರಸ್ತೆಯಲ್ಲಿ ಅದು ಸಣ್ಣ ಉಪಕಾರವಲ್ಲ.

ಡಾಕ್ಟರ್ ಮೆಹಜಬೀನ ಕಣ್ಣು ನೋಡಿದರು, ನನ್ನ ಮುಖ ನೋಡಿದರು. ಗುಳಿಗೆ ಬಿಟ್ಟದ್ದು ಗೊತ್ತಾಯಿತು, ಬೇರಿನ ರಸ ಗೊತ್ತಾಯಿತು. ಅಷ್ಟು ಮೆತ್ತಗಿನ ಹೆಣ್ಣುಮಗಳು ಅಂದು ಬೈದದ್ದು ಪಾಳಿಯಲ್ಲಿ ಕೂತವರಿಗೆಲ್ಲ ಕೇಳಿಸಿತು. ಮೊದಲೇ ಪೆಟ್ಟು ತಿಂದಿದ್ದ ಲಿವರಿಗೆ ಆ ರಸ ಮತ್ತೆ ಬಡಿದಿದೆ, ಇನ್ನು ಸ್ವಲ್ಪ ದಿನ ಕುಡಿದಿದ್ದರೆ ನೀವು ಇಲ್ಲಿಗೆ ನಡೆದು ಬರುತ್ತಿರಲಿಲ್ಲ ಎಂದರು. ಅಲ್ಲೇ ಇಟ್ಟುಕೊಂಡರು. ರಸ ನಿಂತಿತು, ಗುಳಿಗೆ ಶುರುವಾಯಿತು. ಮನೆಗೆ ಬಂದ ಮೇಲೆ ಹಳದಿ ನಿಧಾನಕ್ಕೆ ಇಳಿಯಿತು, ಮೊದಲು ಮುಖ, ಕೊನೆಗೆ ಕಣ್ಣು. ಅದಕ್ಕೆ ಊರು ಬೀರಪ್ಪನಿಗೆ ಕುರಿ ಕೊಟ್ಟಿತು. ಡಾಕ್ಟರಿಗೆ ಯಾರೂ ಒಂದು ನಿಂಬೆಹಣ್ಣೂ ಕೊಡಲಿಲ್ಲ.

ನನಗೆ ಇದೆಲ್ಲ ನುಂಗಲಾರದ ತುತ್ತಾಗಿತ್ತು. ಸತ್ಯ ಹೇಳಿದವಳು ನಾನು, ಗೆದ್ದದ್ದು ಸುಳ್ಳು. ಆದರೂ ಅಣ್ಣನ ಮೇಲೆ ಒಳಗೊಳಗೆ ಹೆಮ್ಮೆ ಇತ್ತು. ಹೆಂಡತಿ ಬದುಕಲಿ ಎಂದು ತಪ್ಪನ್ನು ಹೊತ್ತುಕೊಂಡನಲ್ಲ, ಎಂಥ ಚತುರ ನಾಟಕ ಆಡಿದ ಎಂದುಕೊಂಡಿದ್ದೆ. ಅದರ ಜೊತೆ ಕುಡಿತವನ್ನೂ ನಿಜವಾಗಿ ಬಿಟ್ಟಿದ್ದ. ಕೈ ನಡುಗಿದವು, ಬೆವರಿದ, ಕುರಿಗಳ ಮೇಲೆ ರೇಗಾಡಿದ, ಆದರೆ ಮುಟ್ಟಲಿಲ್ಲ. ಅವಳ ಕಣ್ಣಿನ ಹಳದಿ ಇಳಿದ ದಿನ ಬಿಕ್ಕಿ ಬಿಕ್ಕಿ ಅತ್ತಿದ್ದ.

ಬೇಸಿಗೆ ಕಳೆದ ಮೇಲೆ ಮತ್ತೆ ತೋರಿಸಲು ಮೂವರೂ ಹೋದೆವು. ಡಾಕ್ಟರ್ ರಕ್ತದ ಪರೀಕ್ಷೆ ನೋಡಿ ಖುಷಿಪಟ್ಟರು. ಏರಿದ್ದ ಅಂಶ ಚೆನ್ನಾಗಿ ಇಳಿದಿದೆ, ಗುಳಿಗೆ ಮೈಗೆ ಹಿಡಿದಿದೆ ಎಂದರು. ತುರಿಕೆ ಸಂಜೆ ಹೊತ್ತಿಗೆ ಇನ್ನೂ ಬರುತ್ತದೆ ಎಂದಳು ಕನಕಮ್ಮ. ಬರಬಹುದು, ಪುಡಿ ಮುಂದುವರಿಸಿ ಎಂದರು. ಇದೇ ಗುಳಿಗೆ, ಮೊದಲೇ ಹೇಳಿದ ಹಾಗೆ ಜೀವ ಇರುವ ತನಕ ಎಂದರು.

ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಇನ್ನೂ ಯಾಕ್ರಿ ಮೇಡಂ? ನಾ ಬಿಟ್ಟೀನಲ್ರಿ."

"ಏನ್ ಬಿಟ್ಟೀರಿ?"

"ಕುಡಿಯೂದು. ಭಂಡಾರ ಮುಟ್ಟಿ ಬಿಟ್ಟೀನ್ರಿ. ಒಂದ ಹನಿ ಇಲ್ಲ. ಹಂಗಾದ್ರ ಆಕಿ ರೋಗ ಹೋಗಬೇಕಲ್ರಿ?"

ಆಗ ನನಗೆ ಗೊತ್ತಾಯಿತು. ಅದು ನಾಟಕ ಆಗಿರಲಿಲ್ಲ. ಗುಡಿಯ ಮುಂದೆ ಹೇಳಿದ ಪ್ರತಿ ಮಾತನ್ನೂ ಅವನು ನಂಬಿಯೇ ಹೇಳಿದ್ದ. ತನ್ನ ಪಾಲಿನದು ತಾನು ಬಿಟ್ಟರೆ ಹೆಂಡತಿಯ ಪಾಲಿನದು ಇಳಿಯುತ್ತದೆ ಎಂದು, ಕೈ ನಡುಗಿಸಿಕೊಂಡು, ದಿನವೂ ಅವಳ ಕಣ್ಣನ್ನು ನೋಡಿಕೊಂಡು ಕೂತಿದ್ದ. ಹಳದಿ ಇಳಿದಾಗ ಅವನು ಯಾಕೆ ಅಷ್ಟು ಅತ್ತ ಎಂದು ಈಗ ಹೊಳೆಯಿತು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಕುಬೇರಪ್ಪ, ನೀವು ಬಿಟ್ಟದ್ದು ಭಾಳ ಛಲೋ ಆತು, ನಿಮ್ಮ ಮೈಗೆ ಛಲೋ. ಆದ್ರ ಆಕಿ ರೋಗಕ್ಕೂ ನಿಮ್ಮ ಕುಡಿತಕ್ಕೂ ಸಂಬಂಧ ಇಲ್ಲ. ಇದು ನಿಮ್ಮ ತಪ್ಪಲ್ಲ. ಆಕಿ ತಪ್ಪೂ ಅಲ್ಲ. ಯಾರ ತಪ್ಪೂ ಅಲ್ಲ."

ಯಾರಾದರೂ ಆಗಿದ್ದರೆ ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಿದ್ದರು. ನಮ್ಮಣ್ಣನ ಮುಖ ನೋಡುನೋಡುತ್ತ ಕುಸಿಯಿತು.

"ಹಂಗನ್ನಬ್ಯಾಡ್ರಿ" ಎಂದ. ಕೈ ಮುಗಿದಿದ್ದ. "ನಂದ ತಪ್ಪು ಅನ್ರಿ. ನಂದ ತಪ್ಪಾದ್ರ ನಾ ಬಿಟ್ರ ಹೋಗ್ತೈತಿ. ಯಾರ ತಪ್ಪೂ ಅಲ್ಲ ಅಂದ್ರ ನಾ ಏನ್ ಬಿಡ್ಲಿ, ಮೇಡಂ?"

ಎಲ್ಲರ ಮೇಲೆ ಒಂದೊಂದು ಮಾತು ಇಟ್ಟುಕೊಂಡಿದ್ದ ನನ್ನ ಬಾಯಿಗೆ ಅಂದು ಒಂದೂ ಬರಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು.

ಕನಕಮ್ಮ ಎದ್ದು ಅವನ ರಟ್ಟೆ ಹಿಡಿದಳು.

"ಬಿಟ್ಟದ್ದು ಬಿಟ್ಟಾಂಗ ಇರ್ಲಿ, ಮತ್ತೇನೂ ಬಿಡಬ್ಯಾಡ್ರಿ" ಎಂದಳು. "ದಿನಾ ಉಂಡ ಮ್ಯಾಲ 'ಗುಳಿಗಿ ತಗೊಂಡ್ಯಾ' ಅಂತ ಒಂದ ಮಾತು ಕೇಳ್ರಿ. ನನಗ ಅಷ್ಟ ಸಾಕು. ಏಳ್ರಿ, ಯಲಬುರ್ಗಾ ಬಸ್ಸು ಹೋಗಿಬಿಡ್ತೈತಿ."

ಈಗ ಕೇಳುತ್ತಾನೆ. ಎಷ್ಟು ಜೋರಾಗಿ ಕೇಳುತ್ತಾನೆ ಎಂದರೆ ಎರಡು ಓಣಿ ಆಚೆ ಇರುವ ನನಗೂ ಕೇಳಿಸುತ್ತದೆ. ಅವಳು "ಹೂಂ" ಎಂದು ಕೂಗುವ ತನಕ ನಾನೂ ಊಟದ ತಟ್ಟೆ ಬಿಟ್ಟು ಏಳುವುದಿಲ್ಲ.